ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಮ್ಮನ ಜೊತೆ: ದುಬೈ, ನೇರ, ಫ್ರಾಂಕ್‌ಫರ್ಟ್

ತಂಗಿ ಮನೆ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಸ್ಯಾನ್ ಹೊಸೆಯಲ್ಲಿ. ಅಮ್ಮನನ್ನು ಮೂರು ಸಲ ಕರೆದುಕೊಂಡು ಹೋಗಿದ್ದೇನೆ, ಮೂರು ಸಲವೂ ಬೇರೆ ಬೇರೆ ದಾರಿಯಲ್ಲಿ. ಅಮ್ಮನಿಗೆ ಮಂಡಿ ನೋವು. ಜಾಸ್ತಿ ಹೊತ್ತು ಕೂತರೆ ಪಾದ ಊದಿಕೊಳ್ಳುತ್ತದೆ. ಯಾವ ದಾರಿ ವಾಸಿ ಅಂತ ನಾನು ಹೇಳುವುದು ಅವರ ಕಾಲು ನೋಡಿಯೇ.

2019ರಲ್ಲಿ ದುಬೈ ಮೇಲೆ ಹೋದೆವು. ದುಬೈವರೆಗೆ ಸುಮಾರು 2,700 ಕಿ.ಮೀ., ಅಲ್ಲಿಂದ ಮುಂದೆ 13,000. ಬೆಳಗಿನ ಜಾವ ದೇವನಹಳ್ಳಿ ಬಿಟ್ಟರೆ ನಾಲ್ಕು ಗಂಟೆಯಲ್ಲಿ ದುಬೈ. ಎರಡು ಗಂಟೆ ಕಾದು, ಆಮೇಲೆ ಒಂದೇ ಸಮನೆ 16 ಗಂಟೆ. ಒಟ್ಟು 22 ಗಂಟೆ, ಲೆಕ್ಕದಲ್ಲಿ ಚೆನ್ನಾಗಿಯೇ ಇದೆ. ಆದರೆ ಕಾಲು ಚಾಚಲು ಜಾಗ ಸಿಗುವ ಹೊತ್ತಿಗೆ ಅಮ್ಮನಿಗೆ ಇನ್ನೂ ದಣಿವೇ ಆಗಿರಲಿಲ್ಲ. ದಣಿದಾಗ ಇಳಿಯಲು ಊರೇ ಇರಲಿಲ್ಲ. ಕೊನೆಗೆ ಚಪ್ಪಲಿ ಕಾಲಿಗೆ ಹತ್ತದೆ, ಅದನ್ನು ತೊಡೆ ಮೇಲಿಟ್ಟುಕೊಂಡೇ ವೀಲ್‌ಚೇರಿನಲ್ಲಿ ಇಮಿಗ್ರೇಷನ್ ದಾಟಿದರು.

2023ರಲ್ಲಿ ಏರ್ ಇಂಡಿಯಾದ ನೇರ ವಿಮಾನ. ಎರಡು ಊರಿನ ನಡುವೆ ಹತ್ತಿರದ ದಾರಿ ಅಂದರೂ ಸುಮಾರು 14,000 ಕಿ.ಮೀ. ಭೂಮಿಯ ಆ ಬದಿ ಒಂದು, ಈ ಬದಿ ಒಂದು. ಹಾಗಾಗಿ ಆ ಹತ್ತಿರದ ದಾರಿ ಉತ್ತರ ಧ್ರುವದ ಪಕ್ಕದಲ್ಲೇ ಹಾದುಹೋಗುತ್ತದೆ. 2021ರ ಜನವರಿಯಲ್ಲಿ ಮೊದಲ ಸಲ ಬೆಂಗಳೂರಿಗೆ ಬಂದ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದಿದ್ದರು, ನೆನಪಿದೆ ಅಲ್ವಾ? ನಮ್ಮ ವಿಮಾನ ಮಾತ್ರ ಆ ಕಡೆ ತಿರುಗಲೇ ಇಲ್ಲ. ಪರದೆ ಮೇಲಿನ ನಕ್ಷೆ ನೋಡುತ್ತಿದ್ದೆ. ಚೀನಾ, ಜಪಾನ್ ಕಡೆಯಿಂದ ಪೆಸಿಫಿಕ್ ದಾಟಿತು. ಅಲ್ಲಿ ಎತ್ತರದಲ್ಲಿ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುತ್ತದೆ. ದಾರಿ ಸುತ್ತಾದರೂ ಗಾಳಿ ಬೆನ್ನಿಗಿದ್ದರೆ ಬೇಗ ತಲುಪಬಹುದು. 16 ಗಂಟೆಯಲ್ಲಿ ಇಳಿದೆವು. ಮಧ್ಯಾಹ್ನ ಹೊರಟವರಿಗೆ ಅಲ್ಲಿ ಅದೇ ತಾರೀಖಿನ ಸಂಜೆ. ಒಬ್ಬನೇ ಹೋಗುವುದಾದರೆ, ನೇರ ವಿಮಾನ ಸಿಕ್ಕರೆ, ನಾನು ಬೇರೆ ಯೋಚನೆಯೇ ಮಾಡುವುದಿಲ್ಲ. ಅಮ್ಮನ ಪಾದಕ್ಕೆ ಮಾತ್ರ ದುಬೈ ಸಲದ ಪಾಡೇ ಆಯಿತು.

2024ರಲ್ಲಿ ಫ್ರಾಂಕ್‌ಫರ್ಟ್. ಮೂರರಲ್ಲಿ ಇದೇ ದೂರ, ಒಟ್ಟು 16,500 ಕಿ.ಮೀ. ಹತ್ತಿರ. ಹತ್ತು ಗಂಟೆ ಹಾರಾಟ, ಮೂರು ಗಂಟೆ ಬಿಡುವು, ಮತ್ತೆ ಹನ್ನೊಂದೂವರೆ ಗಂಟೆ. ಸುಮ್ನೆ ಸಮಯ ಹಾಳು ಅಂತ ತಂಗಿ ಬೈದಳು. ಆದರೆ ಬಿಡುವು ಸರಿಯಾಗಿ ನಡುಮಧ್ಯೆ ಸಿಕ್ಕಿತು. ಅಮ್ಮ ಮುಖ ತೊಳೆದು, ಮನೆಯಿಂದ ತಂದ ಚಪಾತಿ, ಚಟ್ನಿಪುಡಿ ತಿಂದು, ಪಕ್ಕದ ಕುರ್ಚಿಗೆ ಕಾಲು ಚಾಚಿ ಅರ್ಧ ಗಂಟೆ ಮಲಗಿದರು. ಎದ್ದು ಗೇಟಿನವರೆಗೆ ನನ್ನ ಕೈ ಹಿಡಿದು ನಡೆದೇ ಬಂದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುವಾಗ ಚಪ್ಪಲಿ ಕಾಲಲ್ಲೇ ಇತ್ತು.

ಮುಂದಿನ ಸಲಕ್ಕೂ ಫ್ರಾಂಕ್‌ಫರ್ಟ್ ಮೇಲೆಯೇ ಟಿಕೆಟ್ ತೆಗೆದಿದ್ದೇನೆ. ನಡುವಿನ ಬಿಡುವು ಮಾತ್ರ ಮೂರು ಗಂಟೆಗಿಂತ ಕಡಿಮೆ ಇರದ ಹಾಗೆ ನೋಡಿಕೊಂಡೆ. ವೀಲ್‌ಚೇರ್ ಕೇಳಿದವರನ್ನು ಎಲ್ಲರೂ ಇಳಿದ ಮೇಲೆಯೇ ಇಳಿಸುತ್ತಾರೆ.