ಗಂಟಲಿನ ವಾಲ್ವ್ ಜೊತೆ ನಾಲ್ಕು ವರ್ಷ

ಕ್ಯಾನ್ಸರ್ ಬಂದು ನನ್ನ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದು ನಾಲ್ಕು ವರ್ಷವಾಯಿತು. ಈಗ ಉಸಿರಾಟ ಕತ್ತಿನ ಮುಂಭಾಗದ ರಂಧ್ರದಿಂದ. ಮಾತು ವಾಯ್ಸ್ ಪ್ರಾಸ್ಥೆಸಿಸ್‌ನಿಂದ. ನಮ್ಮ ಮನೆಯಲ್ಲಿ ಅದನ್ನು ವಾಲ್ವ್ ಅಂತಲೇ ಕರೆಯುತ್ತೇವೆ. ಹಾಕಿಸಿಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವಿನ ಗೋಡೆಯಲ್ಲಿ ಒಂದು ಸಣ್ಣ ತೂತು ಮಾಡಿ, ಅದರಲ್ಲಿ ಈ ಸಿಲಿಕೋನ್ ವಾಲ್ವ್ ಕೂರಿಸುತ್ತಾರೆ. ಕತ್ತಿನ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟರೆ ಗಾಳಿ ವಾಲ್ವ್ ಮೂಲಕ ಅನ್ನನಾಳಕ್ಕೆ ಹೋಗುತ್ತದೆ. ಊಟ, ನೀರು ಮಾತ್ರ ಈ ಕಡೆ ಬರಬಾರದು, ಅದಕ್ಕೇ ಅದು ಒಂದೇ ಕಡೆಗೆ ತೆರೆಯುತ್ತದೆ. ಮಾರ್ಕ್ ಸಿಂಗರ್ ಎಂಬ ಸರ್ಜನ್ ಮತ್ತು ಎರಿಕ್ ಬ್ಲಾಮ್ ಎಂಬ ಸ್ಪೀಚ್ ಥೆರಪಿಸ್ಟ್ 1980ರಲ್ಲಿ ಪ್ರಕಟಿಸಿದ ವಿಧಾನ ಇದು. ಅವರಿಬ್ಬರನ್ನೂ ನಾನು ಕೃತಜ್ಞತೆಯಿಂದ ನೆನೆಯುತ್ತೇನೆ.

ಧ್ವನಿ ಬರುವುದು ವಾಲ್ವ್‌ನಿಂದಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ತಿಂಗಳೇ ಹಿಡಿಯಿತು. ವಾಲ್ವ್ ಗಾಳಿಗೆ ದಾರಿ ಬಿಡುತ್ತದೆ, ಅಷ್ಟೇ. ಅದುರಿ ಸದ್ದು ಮಾಡುವುದು ಅನ್ನನಾಳದ ಮೇಲ್ತುದಿಯ ಮಾಂಸ. ಮಾತು ಬರದಿದ್ದಾಗ ನಾನು ಇನ್ನೂ ಜೋರಾಗಿ ಒತ್ತುತ್ತಿದ್ದೆ, ಇನ್ನೂ ಜೋರಾಗಿ ಗಾಳಿ ತಳ್ಳುತ್ತಿದ್ದೆ. ಗಂಟಲು ಬಿಗಿದು ಇದ್ದ ಸದ್ದೂ ನಿಲ್ಲುತ್ತಿತ್ತು. ಥೆರಪಿಸ್ಟ್ ನನ್ನ ಭುಜ ಇಳಿಸಿ, "ನಿಟ್ಟುಸಿರು ಬಿಡೋ ಹಾಗೆ ಬಿಡಿ, ಸಾಕು" ಅಂದರು. ಬೆರಳನ್ನು ಸುಮ್ನೆ ತಾಗಿಸಿದೆ. ಒರಟಾದ, ತಗ್ಗಿದ ಒಂದು "ಆ" ಬಂತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಈಗಲೂ ಸಿಟ್ಟು ಬಂದಾಗ, ಅವಸರವಾದಾಗ ಮಾತು ಕೆಡುತ್ತದೆ. ಆಗ ಭುಜ ಇಳಿಸುತ್ತೇನೆ.

ಅಕ್ಷರಗಳದ್ದು ಬೇರೆ ಕಷ್ಟ. ಮೊದಲ ವರ್ಷ ನನ್ನ "ಪ" ಕೇಳುವವರಿಗೆ "ಬ" ಆಗುತ್ತಿತ್ತು, "ಕ" ಹೋಗಿ "ಗ" ಆಗುತ್ತಿತ್ತು. ಪಟ್ಟಿ ಅಂದರೆ ಬಟ್ಟೆ ಅಂತ ತಿಳಿಯುತ್ತಿದ್ದರು. ತುಟಿ, ನಾಲಿಗೆಗೆ ಜಾಸ್ತಿ ಕೆಲಸ ಕೊಟ್ಟು, ದಿನಾ ಪೇಪರ್ ಗಟ್ಟಿಯಾಗಿ ಓದಿ ಸುಧಾರಿಸಿದೆ. "ಹ" ಮಾತ್ರ ಇವತ್ತಿಗೂ ಸರಿಯಾಗಿ ಬರುವುದಿಲ್ಲ. ನಕ್ಕರೂ ಮೊದಲಿನ ಹಾಗೆ ಸದ್ದಾಗುವುದಿಲ್ಲ. ಇದಕ್ಕೆ ಒಗ್ಗಿಕೊಳ್ಳುವುದೇ ನನಗೆ ತುಂಬಾ ಕಷ್ಟವಾಯಿತು.

ದೊಡ್ಡ ತಲೆನೋವು ಸೋರುವುದು. ನಾಲ್ಕು ವರ್ಷದಲ್ಲಿ ಹದಿಮೂರು ಸಲ ವಾಲ್ವ್ ಬದಲಾಯಿಸಿದ್ದೇನೆ. ಒಂದು ಏಳು ತಿಂಗಳು ಬಂತು, ಇನ್ನೊಂದು ಐದೇ ವಾರ. ಕ್ಯಾಂಡಿಡಾ ಎಂಬ ಫಂಗಸ್ ಸಿಲಿಕೋನ್ ಮೇಲೆ ಬೆಳೆದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ನೀರು ಕುಡಿದ ಕೂಡಲೇ ಕೆಮ್ಮು ಶುರುವಾದರೆ ಕನ್ನಡಿ ಮುಂದೆ ಟಾರ್ಚ್ ಹಿಡಿದು, ಬಣ್ಣದ ಪಾನೀಯ ಒಂದು ಗುಟುಕು ಕುಡಿದು ನೋಡುತ್ತೇನೆ. ವಾಲ್ವ್ ನಡುವಿನಿಂದ ಸೋರಿದರೆ ಮೊದಲು ಬ್ರಷ್ ಹಾಕಿ ತೊಳೆಯುತ್ತೇನೆ. ಆಗಲೂ ನಿಲ್ಲದಿದ್ದರೆ ಪ್ಲಗ್ ಹಾಕಿ, ಬದಲಾಯಿಸಲು ದಿನ ಕೇಳುತ್ತೇನೆ. ಪ್ಲಗ್ ಇರುವಷ್ಟು ಹೊತ್ತು ಮಾತಿಲ್ಲ. ಸುತ್ತಲಿನಿಂದ ಸೋರಿದರೆ ಪ್ಲಗ್‌ನಿಂದ ಪ್ರಯೋಜನವಿಲ್ಲ, ಅಳತೆಯನ್ನೇ ನೋಡಬೇಕು, ವೈದ್ಯರ ಹತ್ತಿರ ಹೋಗಲೇಬೇಕು. ಒಮ್ಮೆ ಒಂದು ಆಸ್ಪತ್ರೆಯಲ್ಲಿ ನನ್ನ ಅಳತೆಯದು ಇಲ್ಲವೆಂದು ಎಂಟು ದಿನ ಕಾಯಿಸಿದರು. ಆ ಎಂಟು ದಿನ ಊಟ, ಔಷಧಿ ಎಲ್ಲ ಮೂಗಿನ ಟ್ಯೂಬಿನಲ್ಲಿ. ಅವತ್ತಿನಿಂದ ನನ್ನ ಅಳತೆಯ ಒಂದು ವಾಲ್ವ್ ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ನೀವೂ ಇಟ್ಟುಕೊಳ್ಳಿ.

ವಾಲ್ವ್ ಪೂರ್ತಿ ಕಳಚಿ ಬಂದರೆ ತಡ ಮಾಡಬೇಡಿ, ಆ ತೂತು ಬೇಗ ಕಿರಿದಾಗುತ್ತದೆ. ಕಳಚಿದ್ದು ಕೈಗೆ ಸಿಗದಿದ್ದರೆ ಅದು ಶ್ವಾಸನಾಳದೊಳಗೆ ಬಿದ್ದಿರಬಹುದು. ನೇರವಾಗಿ ಎಮರ್ಜೆನ್ಸಿಗೆ ಹೋಗಿ.

ಕತ್ತಿನ ರಂಧ್ರದ ಮೇಲೆ ಹಾಕುವ ಎಚ್‌ಎಂಇ ಫಿಲ್ಟರ್ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ಮೂಗು ಮಾಡುತ್ತಿದ್ದ ಕೆಲಸವನ್ನು, ಅಂದರೆ ಗಾಳಿಯನ್ನು ಬೆಚ್ಚಗೆ, ತೇವವಾಗಿ ಇಡುವುದನ್ನು, ಅದು ಸ್ವಲ್ಪ ಮಟ್ಟಿಗೆ ಮಾಡುತ್ತದೆ. ಬಿಡದೆ ಹಾಕಲು ಶುರು ಮಾಡಿದ ಮೇಲೆ ಕಫ, ಕೆಮ್ಮು ಎರಡೂ ಕಡಿಮೆಯಾದವು. ಮಾತೂ ನಡುವೆ ತುಂಡಾಗುವುದಿಲ್ಲ.

ಫೋನಿನಲ್ಲಿ ಗುರುತಿಲ್ಲದವರು ನನ್ನ ಧ್ವನಿ ಕೇಳಿ ಕಟ್ ಮಾಡುತ್ತಿದ್ದರು. ಈಗ ಮೊದಲೇ ಹೇಳಿಬಿಡುತ್ತೇನೆ: "ಗಂಟಲಿನ ಆಪರೇಷನ್ ಆಗಿದೆ, ಧ್ವನಿ ಹೀಗೇ ಇರುತ್ತದೆ, ನಿಧಾನವಾಗಿ ಕೇಳಿ." ತುಂಬಾ ಜನ ಕೇಳುತ್ತಾರೆ.