ಷಿಕಾಗೊ: ಪಿಲ್ಸೆನ್ನಾ, ಲಿಟಲ್ ವಿಲೇಜಾ?

ಷಿಕಾಗೊದಲ್ಲಿ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಜನ ಇರುವ ಏರಿಯಾದಲ್ಲೇ ಮನೆ ಬೇಕಾ? 2020ರ ಜನಗಣತಿ ಪ್ರಕಾರ ಇಡೀ ಊರಲ್ಲಿ ಅವರ ಪಾಲು ಸುಮಾರು 30%. ಆದರೆ ಈ ಸರಾಸರಿ ನಂಬಿ ಸುಮ್ನೆ ಅಡ್ವಾನ್ಸ್ ಕೊಡಬೇಡಿ.

ಲಿಟಲ್ ವಿಲೇಜ್ ಅನ್ನೋ ಏರಿಯಾದಲ್ಲಿ ಹತ್ತರಲ್ಲಿ ಎಂಟು ಜನ ಲ್ಯಾಟಿನೊಗಳೇ, ಅದರಲ್ಲೂ ಮೆಕ್ಸಿಕೊ ಮೂಲದವರೇ ಜಾಸ್ತಿ. 26ನೇ ಬೀದಿಯ ಕಮಾನು ದಾಟಿದರೆ ಅಂಗಡಿ ಬೋರ್ಡು, ಬೇಕರಿ, ಮಾತುಕತೆ ಎಲ್ಲ ಸ್ಪ್ಯಾನಿಷ್. ತಳ್ಳುಗಾಡಿಯವರು ಬೇಯಿಸಿದ ಜೋಳದ ತೆನೆಗೆ ಮೇಯನೇಸ್, ಚೀಸ್, ಖಾರದಪುಡಿ ಮೆತ್ತಿ ಕೊಡುತ್ತಾರೆ. ನಮ್ಮ ನಿಂಬೆ-ಉಪ್ಪು-ಖಾರದ ಜೋಳದ ದೊಡ್ಡಣ್ಣ ಅನ್ನಿ!

ಪಿಲ್ಸೆನ್ ಕಥೆ ಬೇರೆ. ಹೆಸರು ಚೆಕ್ ಜನರದ್ದು, ಆಮೇಲೆ ಮೆಕ್ಸಿಕನ್ನರ ಕೇರಿಯಾಯ್ತು. 2000ದಲ್ಲಿ 90% ಹತ್ತಿರ ಇದ್ದ ಲ್ಯಾಟಿನೊ ಪಾಲು 2020ಕ್ಕೆ ಸುಮಾರು 70%ಗೆ ಇಳಿದಿದೆ, ಯಾಕಂದ್ರೆ ಡೌನ್‌ಟೌನ್ ಹತ್ತಿರ, ಪಿಂಕ್ ಲೈನ್ ರೈಲು ಬೇರೆ ಇದೆ, ಬಾಡಿಗೆ ಏರಿತು, ಎಷ್ಟೋ ಹಳಬರು ಗಂಟುಮೂಟೆ ಕಟ್ಟಿದರು. ಆದರೂ ಗೋಡೆಚಿತ್ರಗಳು, ಪುಕ್ಕಟೆ ಪ್ರವೇಶದ ಮೆಕ್ಸಿಕನ್ ಕಲಾ ಮ್ಯೂಸಿಯಂ ಇಲ್ಲೇ. ಆಫೀಸು ಡೌನ್‌ಟೌನಲ್ಲಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಪೋರ್ಟೊರಿಕೊದವರ ಕಡೆ ಬೇಕಾದರೆ ಇವೆರಡೂ ಅಲ್ಲ, ಹಂಬೋಲ್ಟ್ ಪಾರ್ಕ್ ಅನ್ನೋ ಏರಿಯಾಗೆ ಹೋಗಿ. ಡಿವಿಷನ್ ಬೀದಿಗೆ ಅಡ್ಡಲಾಗಿ ಅವರ ಉಕ್ಕಿನ ಧ್ವಜಗಳೇ ನಿಂತಿವೆ.