ಬಳ್ಳಾರಿ ಕಂಟೋನ್ಮೆಂಟ್ ಕಡೆ ಹೆಣ್ಮಕ್ಕಳ ಕ್ರಿಕೆಟ್ ಕೋಚಿಂಗ್, ಹೆಂಗೈತೆ ಅಂತ ಕೇಳೋರಿಗೆ

ಬಳ್ಳಾರೀಲಿ ಹೆಣ್ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡೋರು ಯಾರಿದಾರೆ ಅಂತ ಸುಮಾರು ಜನ ಕೇಳ್ತಿರ್ತಾರೆ, ಅದಕ್ಕೇ ಬರೀತಿದೀನಿ. ಕಂಟೋನ್ಮೆಂಟ್ ಕಡೆ ಚರ್ಚ್ ಪಕ್ಕದ ಗ್ರೌಂಡಲ್ಲಿ ನಡೆಯೋ ಕೋಚಿಂಗ್ ಇದು, ನಮ್ಮ ಮಗಳು ಹೋದ ವರ್ಷದಿಂದ ಹೋಗ್ತಿದಾಳೆ. ಬೋರ್ಡ್ ಗೀರ್ಡ್ ಏನಿಲ್ಲ, ಮ್ಯಾಟ್ ಹಾಸಿದ ಎರಡು ನೆಟ್ಸು, ಒಂದು ಬೇವಿನ ಮರ ಅಷ್ಟೇ. ಬೆಳಿಗ್ಗೆ ಆರಕ್ಕೆ ಶುರು, ಎಂಟಕ್ಕೆ ಬಂದ್, ನಮ್ಮೂರ ಬಿಸಿಲಲ್ಲಿ ಅದಕ್ಕಿಂತ ಜಾಸ್ತಿ ನಿಲ್ಲೋಕೂ ಆಗಲ್ಲ. ಕೋಚ್ ಸರ್ ಚರ್ಚಿನೋರೇ, ಮೊದಲಿಗೆ ಚಿಕ್ಕ ಪ್ರಾರ್ಥನೆ ಇರ್ತದೆ, ಇಷ್ಟ ಇದ್ದೋರು ನಿಲ್ತಾರೆ, ಉಳಿದ ಮಕ್ಕಳು ಪ್ಯಾಡ್ ಕಟ್ಕೊಳ್ತಿರ್ತಾರೆ, ಯಾರಿಗೂ ಬಲವಂತ ಇಲ್ಲ.

ಆಟ ಚೆನ್ನಾಗೇ ಹೇಳಿಕೊಡ್ತಾರೆ. ಸುಣ್ಣದಲ್ಲಿ ಗೆರೆ ಹಾಕಿ, ಮಂಡಿಯೂರಿ ಕೂತು ಟೆನಿಸ್ ಬಾಲ್ ಎಸೀತಾರೆ, ಮುಂಗಾಲು ಗೆರೆ ಬಿಟ್ಟು ಆಕಡೆ ಬಿತ್ತು ಅಂದ್ರೆ ಮತ್ತೆ ಮೊದಲಿಂದ. ಬೈಯಲ್ಲ, ಆದ್ರೆ ಬಿಡೋದೂ ಇಲ್ಲ.

ನನಗೆ ಹಿಡಿಸಿದ್ದು ಮಾತ್ರ ಬೇರೆ. ಈ ಸಲ ಸೆಲೆಕ್ಷನ್ನಲ್ಲಿ ಮಗಳ ಹೆಸರು ಬರ್ಲಿಲ್ಲ. ಬ್ಯಾಟ್ ತಗೊಂಡ್ಹೋಗಿ ಮಂಚದ ಕೆಳಗೆ ತಳ್ಳಿದ್ಲು, ಅಷ್ಟೊಂದು ಪ್ರಾರ್ಥನೆ ಮಾಡಿದ್ನಲ್ಲಮ್ಮಾ ದೇವರು ಯಾಕೆ ಕೊಡ್ಲಿಲ್ಲ ಅಂದ್ಳು. ಹೆಂಗೋ ಪುಸಲಾಯಿಸಿ ಗ್ರೌಂಡಿಗೆ ಕರ್ಕೊಂಡ್ಹೋದೆ. ಮುಂದಿನ ಸಲ ಖಂಡಿತ ಆಗ್ತದೆ ಬಿಡವ್ವಾ ಅಂತ ಸರ್ ಹೇಳಲಿಲ್ಲ ನೋಡ್ರಿ. ಮರದ ಕೆಳಗೆ ಪಕ್ಕದಲ್ಲೇ ಕೂತು ನಮ್ಮ ಇಂಡಿಯಾ ಹೆಣ್ಮಕ್ಕಳ ಟೀಮಿನ ಬ್ಯಾಟರ್ ಜೆಮಿಮಾ ರೊಡ್ರಿಗಸ್ ಬಗ್ಗೆ ಹೇಳಿದ್ರು. 2025ರ ವರ್ಲ್ಡ್ ಕಪ್ಪಲ್ಲಿ ಆಕೆ ಎರಡು ಸಲ ಸೊನ್ನೆಗೆ ಔಟಾದ್ಲು, ಇಂಗ್ಲೆಂಡ್ ಮ್ಯಾಚಿಗೆ ಟೀಮಿಂದಾನೇ ಕೈಬಿಟ್ರು, ಹೆಚ್ಚುಕಡಿಮೆ ದಿನಾ ಅಳ್ತಿದ್ದೆ ಅಂತ ಆಕೇನೇ ಎಲ್ಲರ ಮುಂದೆ ಹೇಳಿದ್ಲು, ಜೊತೆಗಿದ್ದ ಹುಡುಗಿಯರು ಬಂದು ಸುಮ್ನೆ ಪಕ್ಕದಲ್ಲಿ ಇರ್ತಿದ್ರಂತೆ. ಆಮೇಲೆ ಅಕ್ಟೋಬರ್ 30ಕ್ಕೆ ನವಿ ಮುಂಬೈಲಿ ಸೆಮಿಫೈನಲ್, ಆಸ್ಟ್ರೇಲಿಯಾ ಮೇಲೆ 339 ಹೊಡೀಬೇಕು, ಆಕೆ 127 ನಾಟೌಟ್, ನಮ್ಮೋರು ಗೆದ್ರು. ಕೊನೇಲಿ ಸುಸ್ತಾದಾಗ ಬೈಬಲ್ ವಚನ ಹೇಳ್ಕೊಂಡು ನಿಂತಿದ್ದೆ ಅಂದ್ಲು, ಸಮುದ್ರದ ದಡದಲ್ಲಿ ಹೆದರಿ ನಿಂತಿದ್ದ ಜನಕ್ಕೆ ಅವರ ಮುಂದಾಳು ಮೋಶೆ ಹೇಳಿದ ಮಾತು ಅದು, ನೀವು ಸುಮ್ಮನೆ ನಿಲ್ಲಿ, ನಿಮ್ಮ ಪರವಾಗಿ ದೇವರೇ ಹೋರಾಡ್ತಾನೆ ಅನ್ನೋದು.

ಅಲ್ಲಿಗೇ ನಿಲ್ಲಿಸಿದ್ರೆ ಗೆದ್ದೋರ ಕಥೆ ಆಗ್ತಿತ್ತು. ನಮ್ಮ ಸರ್ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ ಬಗ್ಗೇನೂ ಹೇಳಿದ್ರು, 1924ರ ಪ್ಯಾರಿಸ್ ಒಲಿಂಪಿಕ್ಸಲ್ಲಿ 100 ಮೀಟರ್ ಹೀಟ್ಸ್ (ಮೊದಲ ಸುತ್ತಿನ ಓಟ) ಭಾನುವಾರ ಬಂತು, ಅದು ದೇವರ ದಿನ ಅಂತ ಓಡಲ್ಲ ಅಂದ ಮನುಷ್ಯ, 400 ಮೀಟರ್ ಓಡಿ 47.6 ಸೆಕೆಂಡಲ್ಲಿ ಚಿನ್ನ ತಂದ. ಆದ್ರೆ ಅದೇ ಮನುಷ್ಯ ಮಿಷನರಿಯಾಗಿ ಚೀನಾಕ್ಕೆ ಹೋಗಿ, 1945ರಲ್ಲಿ ಜಪಾನಿನೋರ ಸೆರೆ ಕ್ಯಾಂಪಲ್ಲಿ ತಲೇಲಿ ಗಡ್ಡೆಯಾಗಿ ತೀರ್ಕೊಂಡ, ವಯಸ್ಸು ಬರೀ 43. ಹಂಗಂತ ದೇವರು ಅವನ ಕೈಬಿಟ್ಟಿದ್ನಾ ಅಂತ ಸರ್ ಕೇಳಿದ್ರು, ಮಗಳು ಏನೂ ಹೇಳ್ಲಿಲ್ಲ, ಸ್ವಲ್ಪ ಹೊತ್ತು ಕೂತಿದ್ದು ಎದ್ದು ಪ್ಯಾಡ್ ಕಟ್ಕೊಂಡ್ಳು. ದೇವರನ್ನ ನಂಬಿದ್ರೆ ಟೀಮಲ್ಲಿ ಜಾಗ ಸಿಗ್ತದೆ ಅಂತ ಮಕ್ಕಳಿಗೆ ಹೇಳೋರನ್ನ ಸುಮಾರು ನೋಡಿದೀನಿ, ಜಾಗ ಸಿಗದ ದಿನ ಆ ಮಕ್ಕಳು ಆಟನೂ ಬಿಡ್ತಾರೆ ದೇವರನ್ನೂ ಬಿಡ್ತಾರೆ. ಇಲ್ಲಿ ಹಂಗಿಲ್ಲ, ಅದಕ್ಕೇ ನನಗೆ ಈ ಸರ್ ಮೇಲೆ ಇಷ್ಟು ಗೌರವ.

ಕೊರತೇನೂ ಐತೆ. ಹುಡುಗಿಯರಿಗೆ ಬಾತ್‌ರೂಮ್ ದೂರ, ಕುಡಿಯೋ ನೀರು ಮನೆಯಿಂದಾನೇ ಒಯ್ಬೇಕು, ಮ್ಯಾಟಿನ ಒಂದು ಮೂಲೆ ಎದ್ದೈತೆ, ಬಾಲ್ ಅಲ್ಲಿ ಬಿದ್ರೆ ಎಲ್ಲೆಲ್ಲೋ ಹೋಗ್ತದೆ. ಭಾನುವಾರ ಆರಾಧನೆ ಇರೋದ್ರಿಂದ ಕ್ಲಾಸ್ ಇರಲ್ಲ, ಕೆಲಸಕ್ಕೆ ಹೋಗೋ ಅಪ್ಪ ಅಮ್ಮಂದಿರಿಗೆ ಇದು ಕಷ್ಟಾನೇ. ಫೀಸ್ ಕಮ್ಮಿ, ಆಗದೋರಿಗೆ ಕೇಳೋದೂ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಸೇರಿಸೋರು ಹೆಲ್ಮೆಟ್ ನೀವೇ ತಗೊಂಡು ಕಳಿಸ್ರಿ, ಅಲ್ಲಿರೋವು ದೊಡ್ಡೋರ ಸೈಜು, ಚಿಕ್ಕ ಮಕ್ಕಳಿಗೆ ಕಣ್ಣಿನ ಮೇಲೇ ಜಾರ್ತಾವೆ.